ಬಂದೂಕು ಮಾರುವುದು ಎತ್ತು ಮಾರಿದಂತಲ್ಲ

ದನದ ಪೇಟೆಯ ವ್ಯವಹಾರವನ್ನು ಕಾಣದವರು ನಮ್ಮ ಗೋಕಾವಿ ನಾಡಿನಲ್ಲಿ ವಿರಳ. ದಲಾಲನು ಮಾರುವವನ ಕೈಯನ್ನು ವಸ್ತ್ರದ ಮರೆಯಲ್ಲಿ ಹಿಡಿದು ಬೆರಳುಗಳಿಂದಲೇ ಬೆಲೆಯನ್ನು ತಿಳಿಸುತ್ತಾನೆ. ಮಾತು ಕುದುರಿದರೆ ಸಂಚಕಾರದ ಹಣ ಕೈಸೇರುತ್ತದೆ. ಹಗ್ಗ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ. ಎತ್ತು ಹೊಸ ಒಡೆಯನ ಹಿಂದೆ ನಡೆದುಬಿಡುತ್ತದೆ. ಕೊಂಡವನು ಯಾವ ಊರಿನವನು, ಅವನ ಗುಣವೆಂಥದು, ಆ ಎತ್ತನ್ನು ಅವನು ಏತಕ್ಕೆ ಬಳಸುವನು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಅವಶ್ಯಕತೆಯೂ ಇಲ್ಲ.

ಆದರೆ ಮನೆಯಲ್ಲಿರುವ ಬಂದೂಕನ್ನು ಹೀಗೆ ಮಾರಬಹುದೇ? ಕಳೆದ ವರ್ಷ ಅಂಕಲಗಿಯ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ತಿಳಿದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಕಾಕಾ ಅವರಲ್ಲಿ ಒಂಟಿ ನಳಿಗೆಯ ಹನ್ನೆರಡು ಬೋರಿನ ಬಂದೂಕು ಒಂದಿತ್ತು. ತೋಟದ ಮನೆಯಲ್ಲಿ ಒಬ್ಬರೇ ಮಲಗುತ್ತಿದ್ದ ಕಾಲದಲ್ಲಿ ಲೈಸೆನ್ಸು ಪಡೆದು ಕೊಂಡದ್ದು ಅದು. ಕಬ್ಬಿಗೂ ಗೋವಿನಜೋಳಕ್ಕೂ ಹಂದಿಗಳು ನುಗ್ಗಿದ ರಾತ್ರಿ ಆಕಾಶಕ್ಕೆ ಒಂದು ಈಡು ಹಾರಿಸಿದರೆ ಸಾಕಾಗುತ್ತಿತ್ತು. ಈಗ ಅವರಿಗೆ ಎಪ್ಪತ್ತು ದಾಟಿದೆ. ಕಣ್ಣು ಮಂಜಾಗಿದೆ. ಮಕ್ಕಳಿಬ್ಬರೂ ಪುಣೆಯಲ್ಲಿ ನೌಕರಿಯಲ್ಲಿದ್ದಾರೆ. ಅವರಿಗೆ ಬಂದೂಕಿನ ಗೊಡವೆ ಬೇಡ. ಕಣ್ಣಿನ ಶಸ್ತ್ರಕ್ರಿಯೆಗೆ ಹಣ ಹೊಂದಿಸಬೇಕಾಗಿತ್ತು. ಆದುದರಿಂದ ಬಂದೂಕನ್ನು ಮಾರಿಬಿಡುವುದೆಂದು ಅವರು ನಿಶ್ಚಯಿಸಿದರು.

ಈ ಸುದ್ದಿ ಹೇಗೆ ಹಬ್ಬಿತೋ ತಿಳಿಯದು. ಒಂದು ಸಂಜೆ ಪರವೂರಿನವನೊಬ್ಬ ಮನೆಗೆ ಬಂದ. ನಾವು ಎಣಿಸಿದ್ದ ಬೆಲೆಯ ಇಮ್ಮಡಿ ಕೊಡಲು ಅವನು ಸಿದ್ಧನಾಗಿದ್ದ.

"ಕಾಗದ ಪತ್ರ ಯಾಕ ಬೇಕ್ರಿ ಗೌಡ್ರ? ನೀವು ಕೊಡ್ರಿ, ನಾ ತಗೋತೀನಿ. ರೊಕ್ಕ ಈಗ ಎಣಿಸ್ಕೋರಿ" ಎಂದ.

ನಾನು ನಡುವೆ ಬಾಯಿ ಹಾಕಿ, ಹಾಗೆ ಕೊಡಲು ಬರುವುದಿಲ್ಲವೆಂದೆ. ಕಾಕಾ ಅವರಿಗೆ ಸಿಟ್ಟು ಬಂದಿತು. "ಬಂದೂಕ ನಂದು, ರೊಕ್ಕ ಕೊಟ್ಟು ತಗೊಂಡಾಂವ ನಾನು. ನನ್ನ ಸಾಮಾನ ನಾ ಮಾರಾಕ ಯಾರದ ಅಪ್ಪಣಿ ಬೇಕೋ ತಮ್ಮಾ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರ ಕೊಡದೆ ಕೇವಲ "ಕಾಯದೆ ಇದೆ" ಎಂದರೆ ಹಿರಿಯರಿಗೆ ಸಮಾಧಾನವಾಗುವುದಿಲ್ಲ, ನಮಗೂ ಆಗಬಾರದು.

ಇಂದು ನಮ್ಮ ದೇಶದಲ್ಲಿ ನಡೆಯುತ್ತಿರುವುದು 1959ರ ಆಯುಧಗಳ ಕಾಯದೆ. ಇದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇದರ ಕೆಳಗಿನ ನಿಯಮಗಳನ್ನು 2016ರಲ್ಲಿ ಹೊಸದಾಗಿ ರಚಿಸಲಾಯಿತು. ಈ ಕಾಯದೆಯ ಮೂರನೆಯ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಒಬ್ಬನು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಲು ಮೊದಲು ಅವಕಾಶವಿದ್ದಿತು. 2019ರ ತಿದ್ದುಪಡಿಯಿಂದ ಅದು ಎರಡಕ್ಕೆ ಇಳಿಯಿತು. ಲೈಸೆನ್ಸಿನ ಅವಧಿ ಮಾತ್ರ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು.

ಮಾರಾಟದ ವಿಷಯ ಐದನೆಯ ಕಲಮಿನಲ್ಲಿದೆ. ವ್ಯಾಪಾರಕ್ಕಾಗಿ ಬಂದೂಕು ಮಾರುವವನಿಗೆ ಪ್ರತ್ಯೇಕ ಲೈಸೆನ್ಸು ಬೇಕು. ಮಾರುವುದಕ್ಕಷ್ಟೇ ಅಲ್ಲ, ಮಾರಾಟಕ್ಕೆಂದು ತೆರೆದಿಡುವುದಕ್ಕೂ ಅದು ಬೇಕು. ಹಾಗಾದರೆ ತನ್ನ ಸ್ವಂತ ಉಪಯೋಗಕ್ಕೆಂದು ಬಂದೂಕು ಇಟ್ಟುಕೊಂಡ ರೈತನ ಗತಿಯೇನು? ಕಾಯದೆಯು ಅವನನ್ನು ಮರೆತಿಲ್ಲ. ನ್ಯಾಯಬದ್ಧವಾಗಿ ತನ್ನ ಬಳಿಯಿರುವ ಬಂದೂಕನ್ನು ಅವನು ವ್ಯಾಪಾರದ ಲೈಸೆನ್ಸಿಲ್ಲದೆಯೇ ಮಾರಬಹುದು. ಆದರೆ ಅದಕ್ಕೆ ಮೂರು ಕಟ್ಟಳೆಗಳಿವೆ. ಮೊದಲನೆಯದು, ಕೊಳ್ಳುವವನು ಬಂದೂಕು ಇಟ್ಟುಕೊಳ್ಳುವ ಅಧಿಕಾರ ಉಳ್ಳವನಾಗಿರಬೇಕು. ಎರಡನೆಯದು, ಮಾರುವ ಇಚ್ಛೆಯನ್ನೂ ಕೊಳ್ಳುವವನ ಹೆಸರು ವಿಳಾಸಗಳನ್ನೂ ಜಿಲ್ಲಾ ದಂಡಾಧಿಕಾರಿಗೆ, ಇಲ್ಲವೆ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮೂರನೆಯದು, ಹಾಗೆ ತಿಳಿಸಿದ ಮೇಲೆ 45 ದಿವಸಗಳು ಕಳೆಯಬೇಕು. ಆ ಬಳಿಕವೇ ಬಂದೂಕು ಕೈ ಬದಲಾಯಿಸಬಹುದು. ತೋಟಾಗಳಿಗೂ ಇದೇ ನಿಯಮ.

ಇದರಿಂದ ಕಾಕಾ ಅವರ ಪ್ರಶ್ನೆಗೆ ಅರ್ಧ ಉತ್ತರ ದೊರೆಯುತ್ತದೆ. ಬಂದೂಕು ಅವರ ಸ್ವತ್ತು. ಅದರ ಕಬ್ಬಿಣಕ್ಕೂ ಕಟ್ಟಿಗೆಗೂ ಬೆಲೆ ಕಟ್ಟಿ ಹಣ ಪಡೆಯುವ ಹಕ್ಕು ಅವರಿಗುಂಟು. ಆದರೆ ಅದನ್ನು ಮನೆಯಲ್ಲಿಟ್ಟುಕೊಳ್ಳುವ ಅಧಿಕಾರ ಅವರ ಸ್ವತ್ತಲ್ಲ. ಅದು ಅವರ ನಡತೆಯನ್ನು ನೋಡಿ, ಪೊಲೀಸರ ವರದಿ ತರಿಸಿಕೊಂಡು, ಸಮಾಜವು ಅವರ ಮೇಲಿಟ್ಟ ವಿಶ್ವಾಸ. ವಸ್ತುವನ್ನು ಮಾರಬಹುದು; ವಿಶ್ವಾಸವನ್ನು ಮಾರಲಾಗದು. ಕೊಳ್ಳುವವನು ಅದನ್ನು ಬೇರೆಯಾಗಿ ಗಳಿಸಿಕೊಂಡೇ ಬರಬೇಕು. ಎತ್ತಿಗೂ ಬಂದೂಕಿಗೂ ಇರುವ ಭೇದವೆಲ್ಲ ಇಷ್ಟೇ.

ಆದರೂ ಕಾಕಾ ಅವರು ಸುಲಭವಾಗಿ ಒಪ್ಪುವವರಲ್ಲ. "ಹತಾರದ ಕಾಯದೆ ಅಂದ್ರ ಹಲಗಲಿಯವರನ್ನ ಕೇಳಬೇಕು" ಎಂದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾಯದೆಯನ್ನು ತಂದು ಜನರ ಆಯುಧಗಳನ್ನು ಒಪ್ಪಿಸಿಕೊಳ್ಳತೊಡಗಿದಾಗ, ಅಂದಿನ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಗೂ ಬಾಳಿಗೂ ಮಾನಕ್ಕೂ ಆಯುಧವನ್ನೇ ನಂಬಿದ್ದ ಜನ ಅವರು. ಆ ವರ್ಷದ ನವೆಂಬರಿನಲ್ಲಿ ಅವರು ತಿರುಗಿಬಿದ್ದರು. ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಹೆಸರುಗಳು ಲಾವಣಿಯಾಗಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿವೆ. ಮುಂದೆ 1878ರಲ್ಲಿ ಲಿಟನ್ ಸಾಹೇಬನ ಕಾಲದಲ್ಲಿ ಬಂದ ಆಯುಧಗಳ ಕಾಯದೆಯಂತೂ ಯುರೋಪಿಯನರಿಗೆ ವಿನಾಯಿತಿಯಿತ್ತು ಭಾರತೀಯರಿಗೆ ಮಾತ್ರ ನಿರ್ಬಂಧ ಹಾಕಿತು. ಆಳುವವನು ಆಳಿಸಿಕೊಳ್ಳುವವನನ್ನು ನಂಬದೆ ಮಾಡಿದ ಕಾಯದೆಗಳು ಅವು.

ಈ ಅಪಮಾನವನ್ನು ನಮ್ಮ ರಾಷ್ಟ್ರೀಯ ನಾಯಕರು ಮರೆತಿರಲಿಲ್ಲ. 1931ರ ಕರಾಚಿ ಕಾಂಗ್ರೆಸ್ಸು ಅಂಗೀಕರಿಸಿದ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿದ್ದಿತು. ಸ್ವಾತಂತ್ರ್ಯ ಬಂದ ಮೇಲೆ, 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಈ ಹಕ್ಕನ್ನು ಸಂವಿಧಾನದಲ್ಲಿಯೇ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ವಾದಿಸಿದರು. ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಹೀಗಾಗಿ ನಮ್ಮಲ್ಲಿ ಬಂದೂಕು ಮೂಲಭೂತ ಹಕ್ಕಾಗದೆ, ಕಾಯದೆಯ ಕಟ್ಟಿಗೆ ಒಳಗಾದ ಅನುಮತಿಯಾಗಿ ಉಳಿಯಿತು.

ಆದರೆ 1857ರ ಕಾಯದೆಗೂ 1959ರ ಕಾಯದೆಗೂ ಮುಖ್ಯವಾದೊಂದು ಅಂತರವಿದೆ. ಮೊದಲನೆಯದು ಜನರ ಕೈಯಿಂದ ಆಯುಧವನ್ನು ಕಸಿದುಕೊಳ್ಳಲು ಬಂದದ್ದು. ಎರಡನೆಯದು ನಮ್ಮ ಪಾರ್ಲಿಮೆಂಟಿನಲ್ಲಿಯೇ ಆಗಿ, ಆಯುಧ ಯಾರ ಕೈಯಲ್ಲಿದೆಯೆಂದು ತಿಳಿದಿರಲು ಬಂದದ್ದು. ಇಲ್ಲಿ ಬಣ್ಣಕ್ಕೆ ತಕ್ಕ ನ್ಯಾಯವಿಲ್ಲ. ಬೆಳೆ ಕಾಯಲು ಮದ್ದು ತುಂಬಿ ಹಾರಿಸುವ ಬಂದೂಕು ಬೇಕಾದ ರೈತನಿಗೂ, ಸ್ವರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು ಬೇಕಾದವನಿಗೂ ಈ ಕಾಯದೆಯ ಹದಿಮೂರನೆಯ ಕಲಮಿನಲ್ಲಿ ಸ್ಥಳವಿದೆ.

ಕೊಡಗಿನ ಮಾತನ್ನು ಇಲ್ಲಿ ಕೆಲವರು ಎತ್ತಬಹುದು. ಕೈಲ್ ಪೋಳ್ದು ಹಬ್ಬದಂದು ಬಂದೂಕನ್ನು ಪೂಜಿಸುವ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. ಇಂಗ್ಲಿಷರ ಕಾಲದ ಈ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಅದು ಇಟ್ಟುಕೊಳ್ಳಲು ಇರುವ ವಿನಾಯಿತಿ. ಬೆಳಗಾವಿ ಜಿಲ್ಲೆಯ ಲೈಸೆನ್ಸಿಲ್ಲದವನೊಬ್ಬ ಕೊಡಗಿಗೆ ಹೋಗಿ ಕೊಂಡು ತರಲು ಅದು ಆಧಾರವಾಗುವುದಿಲ್ಲ.

ಬಂದೂಕನ್ನು ಎತ್ತಿನಂತೆ ಮಾರಲು ಬಿಟ್ಟ ದೇಶ ಯಾವುದಾದರೂ ಇದೆಯೇ? ಅಮೆರಿಕ ಇದೆ. ಅಲ್ಲಿ ಬಂದೂಕಿನ ಪ್ರದರ್ಶನಗಳೆಂಬ ಸಂತೆಗಳೇ ನೆರೆಯುತ್ತವೆ. ದೊಡ್ಡ ಸಭಾಗೃಹದಲ್ಲಿ ಸಾಲುಸಾಲಾಗಿ ಮೇಜು ಹಾಕಿಕೊಂಡು ಬಂದೂಕುಗಳನ್ನು ಹರವಿ ಮಾರುತ್ತಾರೆ. 1968ರ ಕಾಯದೆಯ ಪ್ರಕಾರ ಅಲ್ಲಿ ಬಂದೂಕಿನ ವ್ಯಾಪಾರಿಗೆ ಲೈಸೆನ್ಸು ಬೇಕು. 1993ರಲ್ಲಿ ಬಂದ ಬ್ರೇಡಿ ಕಾಯದೆಯ ಪ್ರಕಾರ ಆ ವ್ಯಾಪಾರಿಯು ಗಿರಾಕಿಯ ಪೂರ್ವಚರಿತ್ರೆಯನ್ನು ಸರಕಾರದ ದಾಖಲೆಯಲ್ಲಿ ಪರಿಶೀಲಿಸಿಯೇ ಮಾರಬೇಕು. ಆದರೆ ಪಕ್ಕದ ಮೇಜಿನಲ್ಲಿ ತನ್ನ ಸ್ವಂತ ಬಂದೂಕನ್ನು ಮಾರುತ್ತಿರುವ ಖಾಸಗಿ ಮನುಷ್ಯನಿಗೆ ಈ ಪರಿಶೀಲನೆಯ ಹೊಣೆಯನ್ನು ಆ ದೇಶದ ಕೇಂದ್ರ ಕಾಯದೆ ಹೊರಿಸಿಲ್ಲ. ಕೊಳ್ಳಲಾಗದವನೆಂದು ತಿಳಿದೂ ಮಾರಬಾರದು, ಅಷ್ಟೆ. ಕೇಳದಿದ್ದರೆ ತಿಳಿಯುವುದಾದರೂ ಹೇಗೆ? ಹಲವು ಪ್ರಾಂತ ಸರಕಾರಗಳು ತಮ್ಮ ಮಟ್ಟಿಗೆ ಈ ಸಂದನ್ನು ಮುಚ್ಚಿವೆ, ಹಲವು ಮುಚ್ಚಿಲ್ಲ.

ಆ ಸಂದಿನಿಂದ ಆದ ಅನರ್ಥಕ್ಕೆ ಒಂದು ಉದಾಹರಣೆ ಸಾಕು. 1999ರ ಏಪ್ರಿಲ್ 20ರಂದು ಕೊಲರಾಡೊ ಪ್ರಾಂತದ ಕೊಲಂಬೈನ್ ಎಂಬ ಪ್ರೌಢಶಾಲೆಯಲ್ಲಿ ಇಬ್ಬರು ಹುಡುಗರು ಗುಂಡು ಹಾರಿಸಿ ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನೂ ಒಬ್ಬ ಅಧ್ಯಾಪಕರನ್ನೂ ಕೊಂದು, ತಾವೂ ಸತ್ತರು. ಅವರ ನಾಲ್ಕು ಬಂದೂಕುಗಳಲ್ಲಿ ಮೂರನ್ನು ಅವರ ಪರಿಚಯದ ಹದಿನೆಂಟು ವರ್ಷದ ಯುವತಿಯೊಬ್ಬಳು ಇಂಥದೊಂದು ಪ್ರದರ್ಶನದಲ್ಲಿ ಖಾಸಗಿ ಮಾರಾಟಗಾರರಿಂದ ಕೊಂಡು ಕೊಟ್ಟಿದ್ದಳು. ಯಾರಿಗೆ, ಏತಕ್ಕೆ ಎಂದು ವಿಚಾರಿಸುವ ಕಟ್ಟಳೆ ಆ ಮೇಜುಗಳಿಗಿರಲಿಲ್ಲ. ಮರುವರ್ಷ, 2000ದ ನವೆಂಬರಿನಲ್ಲಿ, ಕೊಲರಾಡೊದ ಮತದಾರರು ತಾವೇ ಮತ ಹಾಕಿ, ಬಂದೂಕಿನ ಪ್ರದರ್ಶನದಲ್ಲಿ ಯಾರೇ ಮಾರಿದರೂ ಕೊಳ್ಳುವವನ ಪರಿಶೀಲನೆ ಆಗಲೇಬೇಕೆಂದು ವಿಧಿಸಿದರು. ನಾವು ಕೇಳುವ ಪ್ರಶ್ನೆಯನ್ನೇ ಅವರು ಹದಿಮೂರು ಜೀವಗಳನ್ನು ಕಳೆದುಕೊಂಡ ಮೇಲೆ ಕೇಳತೊಡಗಿದರು.

ನಮ್ಮಲ್ಲಿ ಕಾಯದೆ ಬಿಗಿಯಾಗಿದೆ ಎಂದು ನಾವು ಬೀಗಬೇಕಾಗಿಲ್ಲ. ಕಾಗದವಿಲ್ಲದ ಬಂದೂಕು ನಮ್ಮಲ್ಲಿಯೂ ಓಡಾಡುತ್ತದೆ. 2015ರ ಆಗಸ್ಟ್ 30ರ ಮುಂಜಾನೆ ಧಾರವಾಡದ ತಮ್ಮ ಮನೆಯ ಬಾಗಿಲಿನಲ್ಲಿಯೇ ಡಾ. ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರು ಬಲಿಯಾದರು. ಇಬ್ಬರನ್ನೂ ಕೊಂದದ್ದು 7.65 ಮಿಲಿಮೀಟರಿನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯವು ತಿಳಿಸಿತು. ಗುಂಡುಗಳು ಪಿಸ್ತೂಲಿನ ಗುರುತನ್ನು ಹೇಳಬಲ್ಲವು. ಆದರೆ ಅದು ಯಾವ ಕೈಯಿಂದ ಯಾವ ಕೈಗೆ ಬಂದಿತೆಂದು ಹೇಳಲಾರವು. ಅದನ್ನು ಹೇಳಬೇಕಾದದ್ದು ಕಾಗದ. ಲೈಸೆನ್ಸಿನ ಬಂದೂಕನ್ನು ಕಾಗದವಿಲ್ಲದೆ ಮಾರಿದ ಗಳಿಗೆಯಿಂದ ಅದೂ ನಾಡಪಿಸ್ತೂಲಿನ ಜಾತಿಗೆ ಸೇರಿತು. ಮೇಲಾಗಿ ಅದರ ಮೇಲಿನ ಅಂಕೆ ಮಾರಿದವನ ಹೆಸರನ್ನೇ ಹೇಳುತ್ತಿರುತ್ತದೆ.

ಶಿಕ್ಷೆಯೂ ಲಘುವಲ್ಲ. 2019ರ ತಿದ್ದುಪಡಿಯ ಬಳಿಕ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡವನಿಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಸೆರೆವಾಸವುಂಟು. ಮುನ್ಸೂಚನೆ ಕೊಡದೆ ಮಾರಿದವನಿಗೂ, 45 ದಿವಸ ಕಾಯದೆ ಮಾರಿದವನಿಗೂ ಪ್ರತ್ಯೇಕ ಶಿಕ್ಷೆ ಹೇಳಿದೆ. ಇಪ್ಪತ್ತೊಂದು ವರ್ಷ ತುಂಬದವರಿಗೂ ಚಿತ್ತಸ್ವಾಸ್ಥ್ಯವಿಲ್ಲದವರಿಗೂ ಬಂದೂಕನ್ನು ಮಾರಲೇಕೂಡದು. ಕೊಳ್ಳುವವನಿಗೆ ಅಧಿಕಾರವಿದೆಯೋ ಇಲ್ಲವೋ ಎಂದು ಮೊದಲೇ ಖಚಿತಪಡಿಸಿಕೊಳ್ಳದೆ ಕೈಗೆ ಕೊಡುವುದೂ ಅಪರಾಧವೇ. ನನಗೆ ತಿಳಿದಿರಲಿಲ್ಲವೆಂಬ ಮಾತು ನಡೆಯುವುದಿಲ್ಲ.

ಇನ್ನು ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಬೇರೆಯದೇ ಇದೆ. ಅದನ್ನು ಹೇಳದೆ ಈ ಲೇಖನ ಪೂರ್ಣವಾಗದು. ಲೈಸೆನ್ಸು ಪಡೆದ ಯಜಮಾನನು ತೀರಿಕೊಳ್ಳುತ್ತಾನೆ. ಬಂದೂಕು ಮಾಡದಲ್ಲಿಯೋ ಟ್ರಂಕಿನಲ್ಲಿಯೋ ಉಳಿಯುತ್ತದೆ. ಹೊಲ ಮನೆಗಳ ವಾರಸಾ ದಾಖಲಿಸಲು ತಲಾಠಿಯ ಬಳಿಗೆ ಓಡುವ ಮಕ್ಕಳು ಬಂದೂಕಿನ ನೆನಪು ಮಾಡಿಕೊಳ್ಳುವುದಿಲ್ಲ. ತಂದೆಯ ಲೈಸೆನ್ಸು ತಂದೆಯೊಡನೆಯೇ ಮುಗಿಯಿತು. ಇಟ್ಟುಕೊಂಡ ಮಗ ಅರಿಯದೆಯೇ ಅಪರಾಧಿಯಾದ. ಇಂಥವರು ವಿಳಂಬ ಮಾಡದೆ ಬಂದೂಕನ್ನು ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸಿನ ವ್ಯಾಪಾರಿಯಲ್ಲಿ ಜಮಾ ಮಾಡಿ ರಸೀತಿ ಪಡೆಯಬೇಕು. ಜಮಾ ಮಾಡಿದ ಮಾತ್ರಕ್ಕೆ ಅದು ಸರಕಾರದ ಪಾಲಾಗದು. ವಾರಸುದಾರನು ತಾನೇ ಲೈಸೆನ್ಸು ಪಡೆದು ಬಿಡಿಸಿಕೊಳ್ಳಬಹುದು. ಇಲ್ಲವೆ ಅಧಿಕಾರವುಳ್ಳ ಬೇರೊಬ್ಬನಿಗೆ ಮಾರಿಸಿ ಹಣ ಪಡೆಯಬಹುದು. ಗೊತ್ತುಪಡಿಸಿದ ಅವಧಿ ಮೀರುವವರೆಗೆ ಸುಮ್ಮನಿದ್ದರೆ ಮಾತ್ರ ಮುಟ್ಟುಗೋಲಿನ ಭಯ. ಬದುಕಿರುವಾಗಲೇ ವ್ಯವಸ್ಥೆ ಮಾಡಬಯಸುವ ಹಿರಿಯರಿಗೂ 2016ರ ನಿಯಮಗಳು ದಾರಿ ತೋರಿಸಿವೆ. ಎಪ್ಪತ್ತು ವರ್ಷ ತುಂಬಿದವನು, ಅಥವಾ ಇಪ್ಪತ್ತೈದು ವರ್ಷ ಬಂದೂಕು ಇಟ್ಟುಕೊಂಡವನು, ಅದನ್ನು ಅರ್ಹನಾದ ವಾರಸುದಾರನ ಹೆಸರಿಗೆ ಮಾಡಿಸಬಹುದು. ಆದರೆ ಆ ವಾರಸುದಾರನೂ ಪರಿಶೀಲನೆಗೆ ಒಳಗಾಗಲೇಬೇಕು. ಮಗನೆಂಬ ಕಾರಣದಿಂದ ವಿಶ್ವಾಸ ತಾನಾಗಿ ಬರುವುದಿಲ್ಲ.

ಮತ್ತೆ ನಮ್ಮ ಮನೆಯ ಪಡಸಾಲೆಗೆ ಬರೋಣ. ಕಾಕಾ ಅವರು ಸಿಟ್ಟಿನಲ್ಲಿದ್ದರು. ಬಂದವನು ನೋಟುಗಳನ್ನು ಎಣಿಸಲು ಸಿದ್ಧನಾಗಿದ್ದ. ನನಗೆ ಆಗ ಕಲಮುಗಳಾವುವೂ ನೆನಪಾಗಲಿಲ್ಲ. ಒಂದು ಹಾಳೆಯನ್ನೂ ಪೆನ್ನನ್ನೂ ತಂದು ಅವನ ಮುಂದಿಟ್ಟೆ. "ನಿಮ್ಮ ಹೆಸರು, ಊರು, ಲೈಸೆನ್ಸಿನ ನಂಬರ ಇಷ್ಟು ಬರದು ಕೊಡ್ರಿ. ನಾಳೆನೇ ಠಾಣೆಗೆ ಕೊಡತೀವಿ" ಎಂದೆ.

ಅವನು ಹಾಳೆಯನ್ನು ನೋಡಿದ; ನನ್ನನ್ನು ನೋಡಿದ. "ಲೈಸೆನ್ಸು ಮನ್ಯಾಗ ಐತ್ರಿ, ನಾಳೆ ತಗೊಂಡು ಬರ್ತೀನಿ" ಎಂದು ನೋಟುಗಳನ್ನು ಮಡಿಚಿ ಕಿಸೆಗೆ ಹಾಕಿಕೊಂಡು ಎದ್ದುಹೋದ. ಆ ನಾಳೆ ಇಂದಿನವರೆಗೂ ಬಂದಿಲ್ಲ.

ಕಾಕಾ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮರುವಾರ ಅವರೇ ನನ್ನನ್ನು ಕರೆದು ಅರ್ಜಿ ಬರೆಸಿದರು. ಲೈಸೆನ್ಸು ಇದ್ದು ಇನ್ನೂ ಬಂದೂಕು ಕೊಳ್ಳದೆ ಇದ್ದ ನೆರೆಯೂರಿನ ರೈತರೊಬ್ಬರ ಹೆಸರು ವಿಳಾಸಗಳನ್ನು ಅದರಲ್ಲಿ ಕಾಣಿಸಿದೆವು. ಅರ್ಜಿಯ ಪ್ರತಿಯೊಂದಕ್ಕೆ ಠಾಣೆಯ ಮೊಹರು ಹಾಕಿಸಿಕೊಂಡೆವು. ಅವಧಿ ಮುಗಿದ ಮೇಲೆ ವ್ಯವಹಾರ ನಡೆಯಿತು. ಒಬ್ಬರ ಲೈಸೆನ್ಸಿನಿಂದ ಬಂದೂಕಿನ ಅಂಕೆಯನ್ನು ಕಡಿಮೆ ಮಾಡಿ ಇನ್ನೊಬ್ಬರ ಲೈಸೆನ್ಸಿನಲ್ಲಿ ದಾಖಲಿಸಲಾಯಿತು. ಸಿಕ್ಕ ಹಣ ಆ ಸಂಜೆ ಬಂದವನು ಕೊಡಲಿದ್ದುದರ ಅರ್ಧ. ಕಣ್ಣಿನ ಶಸ್ತ್ರಕ್ರಿಯೆಗೆ ಉಳಿದ ಹಣವನ್ನು ಪುಣೆಯಿಂದ ಮಕ್ಕಳು ಕಳಿಸಿದರು.

ಈಗ ಕಾಕಾ ಅವರ ಟ್ರಂಕಿನಲ್ಲಿ ಬಂದೂಕಿದ್ದ ಜಾಗದಲ್ಲಿ ಆ ಮೊಹರಿನ ಕಾಗದವಿದೆ. ಕಣ್ಣು ತಿಳಿಯಾದ ಮೇಲೆ ಒಂದು ದಿನ ಅದನ್ನು ತೆಗೆದು ತಾವೇ ಓದಿದರು. ಓದಿ, "ಆ ಮನಿಷಾ ಹೆಸರ ಬರದು ಕೊಟ್ಟಿದ್ದರ ನಾ ಅವಗ ಕೊಟ್ಟೇ ಬಿಡತಿದ್ದೆ. ಬರೀಲಿಲ್ಲ, ಚೊಲೋ ಆತು" ಎಂದರು.

ನಾಲ್ವತ್ತೈದು ದಿವಸ ದೀರ್ಘವೆಂದು ತೋರಬಹುದು. ಕಚೇರಿಗೆ ಎಡತಾಕುವುದು ಬೇಸರವೂ ಆಗಬಹುದು. ಆದರೆ ಕಾಯದೆ ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಇದು ಇನ್ನು ಮೇಲೆ ಯಾರ ಕೈಯಲ್ಲಿರುತ್ತದೆ? ಪ್ರಾಮಾಣಿಕನಾದವನಿಗೆ ಇದಕ್ಕೆ ಉತ್ತರಿಸಲು ಒಂದು ಹಾಳೆ ಸಾಕು. ಉತ್ತರಿಸಲಾರದವನಿಗೆ ಬಂದೂಕು ಕೊಡತಕ್ಕದ್ದಲ್ಲ.